ಸಿಗ್ನಲ್ ಇರಲಿಲ್ಲ

ಏಳಬೇಕು, ಎದ್ದು ಏನಾದರೂ ತಿನ್ನಬೇಕು, ಕೊನೇಪಕ್ಷ ಬಚ್ಚಲಿಗಾದರೂ ಹೋಗಿಬರಬೇಕು ಎಂದು ಬೆಳಗಿನಿಂದ ಅಂದುಕೊಳ್ಳುತ್ತಲೇ ಲೊರೀನ್ ಕುರ್ಚಿ ಬಿಟ್ಟು ಏಳಲಿಲ್ಲ. ಪರದೆಯ ತುಂಬ ಕೆಂಪು ಸಾಲುಗಳು. ಒಂದೊಂದು ಸಾಲೂ ಒಂದೊಂದು ಭೇಟಿ. ಯಾವಳೋ ಒಬ್ಬಳು ಆಯಾ, ಬೆಟ್ಟದ ಯಾವುದೋ ಸಂದಿಯೊಳಗಿನ ಮನೆಗೆ ಹೋಗಿ ಯಾರೋ ಮುದುಕನಿಗೋ ಮುದುಕಿಗೋ ಮೈ ತೊಳೆದು, ಸೂಪು ಕುಡಿಸಿ, ಮಾತ್ರೆ ನುಂಗಿಸಿ ಬಂದದ್ದು. ಬಂದೆ ಎಂದೊಮ್ಮೆ, ಹೊರಟೆ ಎಂದೊಮ್ಮೆ ಆಯಾ ತನ್ನ ಫೋನು ಒತ್ತಬೇಕು. ಒತ್ತುವಾಗ ಅವಳು ನಿಂತ ಜಾಗವನ್ನು ಫೋನು ಗುರುತು ಹಾಕಿಕೊಳ್ಳುತ್ತದೆ. ಅದು ರೋಗಿಯ ಮನೆಯೇ ಆಗಿದ್ದರೆ ಸಾಲು ಹಸಿರಾಗಿ, ಬಿಲ್ಲಾಗಿ, ಬಡರೋಗಿಗಳ ಖರ್ಚು ಹೊರುವ ಸರ್ಕಾರದ ಮೆಡಿಕೇಡ್ ಕಚೇರಿಗೆ ತಾನೇ ಹೊರಟುಹೋಗುತ್ತದೆ. ಅಲ್ಲಿಂದ ಆಯಾಳ ಕೂಲಿ ಹುಟ್ಟುತ್ತದೆ. ಬೇರೆ ಜಾಗವಾಗಿದ್ದರೆ ಕೆಂಪು. ಕೆಂಪಾದದ್ದನ್ನೆಲ್ಲ ಲೊರೀನ್ ಕೂತು ಬಿಡಿಸಬೇಕು: ಕಾರಣ ಆರಿಸಬೇಕು, 'ನನಗೆ ತಿಳಿದ ಮಟ್ಟಿಗೆ ಇದು ನಿಜ' ಎಂಬ ಚೌಕಕ್ಕೆ ಗುರುತು ಹಾಕಬೇಕು, ಕೆಳಗೆ ತನ್ನ ಹೆಸರು ಹೊಡೆಯಬೇಕು. ಕಾರಣಗಳು ಬೇಕಾದಷ್ಟಿದ್ದವು, ಆದರೆ ಈ ಬೆಟ್ಟಗಳಲ್ಲಿ ಬೇಕಾಗುತ್ತಿದ್ದದ್ದು ಒಂದೇ: ಸಿಗ್ನಲ್ ಇರಲಿಲ್ಲ.

ಅದು ಸುಳ್ಳೂ ಅಲ್ಲ. ಕಣಿವೆಯೊಳಗೆ ಹೋದರೆ ಫೋನು ಕಲ್ಲು. ಆಯಾಗಳು ಕೆಲಸ ಮುಗಿಸಿ ಕೆಳಗಿಳಿದು ಚರ್ಚಿನ ಅಂಗಳದಲ್ಲೋ ಪೆಟ್ರೋಲ್ ಬಂಕಿನ ಹತ್ತಿರವೋ ಕಾರು ನಿಲ್ಲಿಸಿ ಒತ್ತುತ್ತಿದ್ದರು; ಹಾಗಾಗಿ ಪರದೆಯ ಲೆಕ್ಕದಲ್ಲಿ ಊರಿನ ಅರ್ಧ ಮುದುಕರು ಪೆಟ್ರೋಲ್ ಬಂಕಿನಲ್ಲೇ ಸ್ನಾನ ಮಾಡುತ್ತಿದ್ದರು. ಮೊದಮೊದಲು ಲೊರೀನ್‌ಗೆ ಇದರಲ್ಲಿ ನಗು ಬರುತ್ತಿತ್ತು. ಈಗ ನಗುವುದಕ್ಕೂ ಬೇಜಾರು. ಕಳೆದ ಭಾನುವಾರ ಪ್ರಾರ್ಥನೆಗೆ ಯಾಕೆ ಬರಲಿಲ್ಲ ಎಂದು ಪಾದ್ರಿ ಕೇಳಿದಾಗ ಬಾಯಿಗೆ ಬಂದದ್ದು 'ಸಿಗ್ನಲ್ ಇರಲಿಲ್ಲ' ಎಂಬ ಮಾತೇ. ನಾಲಿಗೆ ಕಚ್ಚಿಕೊಂಡು ಮಂಡಿನೋವು ಎಂದಿದ್ದಳು. ಮಂಡಿನೋವಂತೂ ನಿಜ. ಆದರೆ ಹೋಗದೆ ಇದ್ದದ್ದು ಅದಕ್ಕಲ್ಲ. ಬೆಳಗ್ಗೆ ಎದ್ದು ಮಂಚದ ಅಂಚಿನಲ್ಲಿ ಕೂತವಳಿಗೆ ಒಂದು ಕಾಲುಚೀಲ ಹಾಕಿಕೊಂಡ ಮೇಲೆ ಇನ್ನೊಂದನ್ನು ಹಾಕಿಕೊಳ್ಳುವ ಮನಸ್ಸೇ ಬರಲಿಲ್ಲ. ಮಧ್ಯಾಹ್ನದವರೆಗೆ ಒಂದೇ ಕಾಲುಚೀಲದಲ್ಲಿ ಕೂತಿದ್ದಳು. ಇದನ್ನು ಯಾವ ಪಾದ್ರಿಗೆ ಹೇಳುವುದು.

"ಲೊರೀನ್, ಚಿನ್ನಾ, ಇನ್ನೂ ಎಷ್ಟಿದೆ?" ಟ್ಯಾಮ್ರಾ ಹಿಂದೆ ಬಂದು ನಿಂತಿದ್ದಳು. ಆಯಾಗಳನ್ನು ಕಳಿಸುವ ಈ ಏಜೆನ್ಸಿ ನಡೆಸುವವಳು ಅವಳು. ಲೊರೀನ್‌ಗೆ ಮಕ್ಕಳಾಗಿದ್ದರೆ ಅವಳಷ್ಟಿರುತ್ತಿದ್ದರು. ಚಿನ್ನಾ ಎನ್ನುವುದು ಅವಳ ಬಾಯಲ್ಲಿ ಬೈಗುಳಕ್ಕಿಂತ ಕಡೆ. ಬೈದರೆ ತಿರುಗಿ ಬೈಯಬಹುದು, ಚಿನ್ನಾ ಎಂದರೆ ಏನು ಮಾಡುವುದು?

"ಮುಗೀತಾ ಬಂತು," ಎಂದಳು ಲೊರೀನ್.

"ಇವತ್ತೇ ಮುಗೀಬೇಕು. ಸೋಮವಾರ ಆಡಿಟ್‌ನೋರು ಬಂದು ಕೂತ್ಕೊಳ್ತಾರೆ. ಒಂದು ಕೆಂಪೂ ಕಾಣಬಾರ್ದು." ಹೊರಟವಳು ಮತ್ತೆ ತಿರುಗಿದಳು. "ಆಮೇಲೆ, ಯಾರಿಗೂ ಫೋನ್ ಗೀನ್ ಮಾಡೋಕೆ ಹೋಗ್ಬೇಡಿ, ಆಯ್ತಾ? ಕೇಳಿದ್ರೆ ಹೇಳ್ತಾರೆ. ಹೇಳಿದ್ರೆ ನಮಗೆ ಗೊತ್ತಾಗುತ್ತೆ. ಗೊತ್ತಾದ್ಮೇಲೆ ಆ ಚೌಕ ಒತ್ತೋಕಾಗುತ್ತಾ? ಗೊತ್ತಿಲ್ದೇ ಇರೋದೂ ನಮ್ಮ ಕೆಲ್ಸದಲ್ಲೇ ಬರುತ್ತೆ."

ಈ ಏಜೆನ್ಸಿ ಹಿಂದೆ ಚಪ್ಪಲಿ ಅಂಗಡಿಯಾಗಿತ್ತು. ಗಣಿ ಮುಚ್ಚಿದ ಮೇಲೆ ಊರಿನಲ್ಲಿ ಚಪ್ಪಲಿ ಕೊಳ್ಳುವವರು ಕಡಿಮೆಯಾಗಿ ಹಾಸಿಗೆ ಹಿಡಿದವರು ಹೆಚ್ಚಾದರು, ಅಂಗಡಿ ಬದಲಾಯಿತು. ಗೋಡೆಗೆ ಈಗಲೂ ಚಪ್ಪಲಿ ಹಾಕಿ ನೋಡಿಕೊಳ್ಳುವ ಕನ್ನಡಿ ಮಂಡಿಯೆತ್ತರಕ್ಕೆ ಇತ್ತು. ಕೂತಲ್ಲಿಂದ ಲೊರೀನ್‌ಗೆ ಅದರಲ್ಲಿ ತನ್ನ ಊದಿದ ಕಾಲುಗಳು ಮಾತ್ರ ಕಾಣುತ್ತಿದ್ದವು. ಇಡೀ ದಿನ ತನ್ನ ಮುಖ ನೋಡದೆ ಕಾಲನ್ನೇ ನೋಡಿಕೊಂಡು ಕೆಲಸ ಮಾಡುವ ಹೆಂಗಸು ಲೋಕದಲ್ಲಿ ತಾನೊಬ್ಬಳೇ ಇರಬೇಕು ಅನ್ನಿಸುತ್ತಿತ್ತು. ಅವಳು ಸಾಲುಗಳನ್ನು ಬಿಡಿಸುತ್ತಾ ಹೋದಳು. ಸಿಗ್ನಲ್ ಇರಲಿಲ್ಲ, ಚೌಕ, ಹೆಸರು. ಸಿಗ್ನಲ್ ಇರಲಿಲ್ಲ, ಚೌಕ, ಹೆಸರು. ಐಸಿಯ ಸಾಲು ಬಂದಾಗ ಕೈ ನಿಂತಿತು.

ಐಸಿ ಊರಿನ ಸ್ಕೂಲಿನಲ್ಲಿ ಅಡುಗೆಯವಳಾಗಿದ್ದಳು. ಲೊರೀನ್ ಓದುವಾಗ ತಟ್ಟೆಗೆ ಬೀನ್ಸು ಹಾಕುತ್ತಾ, "ತಿನ್ನೇ ಕಡ್ಡೀ, ಗಾಳಿಗೆ ಹಾರಿಹೋಗ್ತೀಯ," ಎನ್ನುತ್ತಿದ್ದವಳು. ಊರಿನ ಮಕ್ಕಳಿಗೆಲ್ಲ ಅವಳು ಐಸತ್ತೆ. ಈಗ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ, ಕಣಿವೆಯ ತುದಿಯಲ್ಲಿ ಚಕ್ರ ಕಳಚಿಟ್ಟ ಟ್ರೇಲರ್ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಆಯಾ ಇರುವವರೆಗೆ ಇರಬಹುದು; ಆಯಾ ಇಲ್ಲ ಎಂದರೆ ಕೆಳಗಿನ ಪಟ್ಟಣದ ವೃದ್ಧಾಶ್ರಮ. ಆ ಕಣಿವೆಗೆ ಹೋಗಲು ಒಪ್ಪಿದವಳು ಡ್ರೀಮಾ ಒಬ್ಬಳೇ. ಅವಳಿಗಿಂತ ಮುಂಚಿನವರೆಲ್ಲ ಒಂದು ವಾರಕ್ಕೇ ಕೈಮುಗಿದಿದ್ದರು: ರಸ್ತೆಯಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತದೆ ಎಂದು ಒಬ್ಬಳು, ಮುದುಕಿಯ ಬಾಯಿ ಜಾಸ್ತಿ ಎಂದು ಇನ್ನೊಬ್ಬಳು. ಡ್ರೀಮಾ ಮಾತ್ರ ಬಿಡಲಿಲ್ಲ. ಆದರೆ ಸ್ನಾನದ ದಿನವಾದ ಗುರುವಾರದ ಅವಳ ಭೇಟಿಗಳು ಚರ್ಚಿನ ಅಂಗಳದಲ್ಲೂ ಬೀಳುತ್ತಿರಲಿಲ್ಲ, ಪೆಟ್ರೋಲ್ ಬಂಕಿನಲ್ಲೂ ಬೀಳುತ್ತಿರಲಿಲ್ಲ. ಊರಿನ ಕೆಳಬೀದಿಯಲ್ಲಿ, ಪ್ರತಿಸಲವೂ ಅದೇ ಒಂದು ಚುಕ್ಕೆಯ ಮೇಲೆ, ಬಂದದ್ದೂ ಅಲ್ಲೇ ಹೊರಟದ್ದೂ ಅಲ್ಲೇ. ಲೊರೀನ್ ಚಳಿಗಾಲದಿಂದಲೂ ನೋಡುತ್ತಿದ್ದಳು. ನೋಡುತ್ತಾ, ನೋಡದವಳ ಹಾಗೆ ಸಿಗ್ನಲ್ ಇರಲಿಲ್ಲ ಎಂದು ಒತ್ತುತ್ತಿದ್ದಳು.

ಗುರುವಾರ ಡ್ರೀಮಾ ಹೋಗುವುದೇ ಇಲ್ಲವೇನೋ. ಹೋಗದೆ ಕೆಳಬೀದಿಯ ತನ್ನ ಮನೆಯಲ್ಲೇ ಕೂತು ಫೋನು ಒತ್ತುತ್ತಿದ್ದಾಳೇನೋ. ಅಂಥವರೂ ಇದ್ದರು, ಯಾವುದೋ ಊರಿನಲ್ಲಿ ಒಬ್ಬಳು ಸತ್ತ ಮುದುಕನಿಗೆ ತಿಂಗಳುಗಟ್ಟಲೆ ಸ್ನಾನ ಮಾಡಿಸಿದ್ದಳೆಂದು ಸುದ್ದಿ. ಹಾಗಿದ್ದರೆ ಐಸತ್ತೆಯ ಗತಿಯೇನು? ಈ ಪ್ರಶ್ನೆ ಬಂದಾಗಲೆಲ್ಲ ಲೊರೀನ್‌ಗೆ ತನ್ನ ತಾಯಿಯ ತಲೆಯ ವಾಸನೆ ಬರುತ್ತಿತ್ತು. ವೃದ್ಧಾಶ್ರಮದ ಕಿಟಕಿಯ ಪಕ್ಕ ಕೂರಿಸಿದ್ದರು; ಬಗ್ಗಿ ಮುತ್ತಿಡಲು ಹೋದರೆ ಹಳೇ ಎಣ್ಣೆಯ ಕಮಟು. ಕೂದಲು ತೊಳೆದು ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆ ಅಲ್ಲಿನ ಹುಡುಗಿ ಪರದೆ ನೋಡಿ, "ನಿನ್ನೆ ತೊಳ್ದಿದೆಯಲ್ಲ, ಇಲ್ಲಿ ಬರ್ದಿದೆ ನೋಡಿ," ಎಂದಳು. ಅಲ್ಲಿ ಬರೆದಿತ್ತು. ಲೊರೀನ್ ಬಿಲ್ಲು ಬರೆಯುವ ಹೆಂಗಸು. ಬರೆದದ್ದಕ್ಕೆ ಎದುರು ಏನು ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ತಾನೇ ತೊಳೆಯಬಹುದಿತ್ತು. ಬಕೆಟ್ಟಿತ್ತು, ನಲ್ಲಿಯಿತ್ತು. ಅವಳು ಕೋಟು ಕೂಡ ಬಿಚ್ಚದೆ ಅರ್ಧ ಗಂಟೆ ಕೂತು, ಹೊರಗೆ ಹಿಮ ಬೀಳುತ್ತಿದೆ ರಸ್ತೆ ಜಾರುತ್ತದೆ ಎಂದು ಎದ್ದು ಬಂದಿದ್ದಳು. ಟ್ಯಾಮ್ರಾಳ ಕೋಣೆಯಲ್ಲಿ ಯಾರೋ ನಕ್ಕರು. ಪರದೆಯ ಮೇಲೆ ಐಸಿಯ ಹೆಸರಿನ ಪಕ್ಕ ಕೆಂಪು ಹಾಗೇ ಇತ್ತು.

ಒಂದು ಸಲ ಕೇಳಿಬಿಟ್ಟರೆ? ಹೂಂ ಕಣೇ, ಬಂದಿದ್ದಳು, ಸ್ನಾನ ಮಾಡಿಸಿದಳು ಎಂದು ಆ ಬಾಯಿಂದ ಕೇಳಿ, ಇಷ್ಟು ವರ್ಷದಲ್ಲಿ ಒಂದೇ ಒಂದು ಚೌಕವನ್ನಾದರೂ ನಿಜವಾಗಿ ತಿಳಿದು ಒತ್ತಬೇಕು ಎಂಬ ಆಸೆ ಹಸಿವಿನ ಹಾಗೆ ಬಂತು. ಇವತ್ತೂ ಗುರುವಾರವೇ. ಕಣಿವೆಯಲ್ಲಿ ತಂತಿಯ ಫೋನು ಇನ್ನೂ ಇತ್ತು. ಲೊರೀನ್ ಟ್ಯಾಮ್ರಾಳ ಬಾಗಿಲು ನೋಡಿ, ದನಿ ತಗ್ಗಿಸಿಕೊಂಡು, ನಂಬರು ಒತ್ತಿದಳು. ಗಂಟೆ ಬಾರಿಸುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಬಲಗೈ ಆಡದ ಮುದುಕಿ ಫೋನಿನ ಹತ್ತಿರ ಬರುವಷ್ಟು ಹೊತ್ತು ಕಾದಳು, ಎರಡು ಪಟ್ಟು ಕಾದಳು. ಬಿದ್ದಿದ್ದಾಳೆ. ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದಾಳೆ, ನಾನು ಚಳಿಗಾಲದಿಂದ ಇಲ್ಲಿ ಕೂತು ಸಿಗ್ನಲ್ ಇರಲಿಲ್ಲ ಎಂದು ಒತ್ತುತ್ತಿದ್ದೇನೆ. ಟ್ಯಾಮ್ರಾ ಹೇಳಿದ್ದೆಲ್ಲ ತಲೆಯಿಂದ ಹಾರಿಹೋಗಿ ಡ್ರೀಮಾಳ ನಂಬರು ಒತ್ತಿದಳು.

"ಹಲೋ, ಯಾರಪ್ಪಾ?" ಎಂದದ್ದು ಡ್ರೀಮಾ ಅಲ್ಲ.

"ಐಸತ್ತೆ?"

"ಅದ್ಯಾರೇ ಅದು? ಲೊರೀನಾ? ಕಡ್ಡೀ! ಇನ್ನೂ ಬದುಕಿದೀಯೇನೇ?"

"ಅತ್ತೆ, ನೀವು... ಎಲ್ಲಿದೀರಿ ನೀವು?"

"ಎಲ್ಲಿರ್ತೀನಿ, ಡ್ರೀಮಾ ಮನೇಲಿ. ಗುರುವಾರ ಅಲ್ವಾ? ಅವಳ ಕೈಯೆಲ್ಲ ಹಿಟ್ಟಾಗಿದೆ, ಅದಕ್ಕೇ ನಾನೆತ್ಕೊಂಡೆ. ನಮ್ಮನೇಲಿ ಬಿಸಿನೀರೆಲ್ಲಿದೆ ಮಗಾ, ಆ ಹೀಟರು ಸತ್ತು ವರ್ಷ ಆಗ್ತಾ ಬಂತು. ಮೊದ್ಲು ಇವಳು ಒಲೆ ಮೇಲೆ ಕಾಯ್ಸಿ ಕಾಯ್ಸಿ ಹುಯ್ತಿದ್ಳು, ಚಳೀಲಿ ನಡುಗಿ ನಡುಗಿ ಎದೇಲಿ ನೀರು ತುಂಬ್ಕೊಂಡು ಸತ್ತೇ ಹೋಗ್ತಿದ್ದೆ. ಇಲ್ಲಿ ನೋಡು, ತೊಟ್ಟೀಲಿ ರಾಣಿ ಥರ ಮಲಗ್ತೀನಿ. ಆಮೇಲೆ ಬೀನ್ಸು, ಜೋಳದ ಬ್ರೆಡ್ಡು. ಸಾಯಂಕಾಲ ವಾಪಸ್ ಬಿಡ್ತಾಳೆ. ಯಾಕೆ ಫೋನ್ ಮಾಡ್ದೆ?"

ಲೊರೀನ್ ಏನೋ ಹೇಳಿದಳು. ಸುಮ್ಮನೆ ಎಂದಳೋ, ವಿಚಾರಿಸೋಣ ಅಂತ ಎಂದಳೋ. ಫೋನು ಇಟ್ಟ ಮೇಲೆ ಮೊದಲು ಆದದ್ದು ಸಂತೋಷ. ಮುದುಕಿ ಬಿದ್ದಿಲ್ಲ, ನಗುತ್ತಿದ್ದಾಳೆ, ಸ್ನಾನ ಆಗುತ್ತಿದೆ. ಅದರ ಬೆನ್ನಿಗೇ ನಿಯಮ ನೆನಪಾಯಿತು. ಮೆಡಿಕೇಡ್ ಕೂಲಿ ಕೊಡುವುದು ರೋಗಿಯ ಮನೆಯಲ್ಲಿ ಮಾಡಿಸಿದ ಸ್ನಾನಕ್ಕೆ. ಸ್ನಾನ ನಿಜ, ನೀರು ನಿಜ, ಸೋಪು ನಿಜ, ಮನೆ ಮಾತ್ರ ಬೇರೆ. ಸ್ನಾನ ಮಾಡಿಸುವವಳಿಗೆ ದುಡ್ಡು ಕೊಡುವ ಸರ್ಕಾರ ನೀರು ಕಾಯಿಸುವ ಹೀಟರಿಗೆ ಕೊಡುವುದಿಲ್ಲ. ಮುದುಕಿಯ ಹತ್ತಿರ ಅದಕ್ಕೆ ದುಡ್ಡಿಲ್ಲ. ನಿಜ ಬರೆದರೆ ಡ್ರೀಮಾ ಚಳಿಗಾಲದಿಂದ ಮಾಡಿದ ಒಂದೊಂದು ಗುರುವಾರವೂ ಮೋಸದ ಲೆಕ್ಕಕ್ಕೆ ಸೇರುತ್ತದೆ, ಅವಳನ್ನು ತೆಗೆಯುತ್ತಾರೆ, ಐಸತ್ತೆ ಕೆಳಗಿನ ಪಟ್ಟಣದ ಆಶ್ರಮದ ಕಿಟಕಿಯ ಪಕ್ಕ ಕೂರುತ್ತಾಳೆ. ನಿನ್ನೆಯವರೆಗೆ ಲೊರೀನ್‌ಗೆ ಇದಾವುದೂ ತಿಳಿದಿರಲಿಲ್ಲ. ತಿಳಿಯದೆ ಒತ್ತಿದ್ದಕ್ಕೆ ಯಾರೂ ಏನೂ ಅನ್ನುವಂತಿರಲಿಲ್ಲ. ಈಗ ತಿಳಿಯಿತು. ತಾನೇ ಕೈಯಾರೆ ಫೋನು ಎತ್ತಿ ತಿಳಿದುಕೊಂಡಳು. ಥೂ ನಿನ್ನ, ಎಂದು ತನಗೆ ತಾನೇ ಬೈದುಕೊಂಡಳು. ಯಾವಳು ನಿನ್ನನ್ನು ಕೇಳು ಎಂದಿದ್ದಳು?

ಕೆಂಪು ಸಾಲಿನ ಮುಂದೆ ಬಹಳ ಹೊತ್ತು ಕೂತಳು. ಟ್ಯಾಮ್ರಾಗೆ ಹೇಳಬಹುದು, ಹೇಳಿದರೆ ಟ್ಯಾಮ್ರಾ ಕಿವಿ ಮುಚ್ಚಿಕೊಂಡು, "ನನಗೆ ಏನೂ ಹೇಳ್ಬೇಡಿ," ಎನ್ನುತ್ತಾಳೆ. ಮುಗಿಸದೆ ಬಿಡಬಹುದು; ಬಿಟ್ಟರೆ ಸೋಮವಾರ ಆಡಿಟ್‌ನವರ ಕಣ್ಣಿಗೆ ಮೊದಲು ಬೀಳುವುದು ಅದೇ. ತಾನು ಒಳ್ಳೆಯವಳು ಎಂದು ಲೊರೀನ್ ಎಂದೂ ಅಂದುಕೊಂಡವಳಲ್ಲ, ಆದರೆ ಸುಳ್ಳಿ ಎಂದೂ ಅಂದುಕೊಂಡಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಒತ್ತುವುದು ಹೇಗಿರುತ್ತದೋ ಎಂದು ಹೆದರಿಕೆಯಾಯಿತು. ಸಿಗ್ನಲ್ ಇರಲಿಲ್ಲ. ಚೌಕ. ಹೆಸರು. ಸಾಲು ಹಸಿರಾಯಿತು. ಬೇರೆ ಹಸಿರಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಬೇಸರ ತಂದಿತು.

ಹಲ್ಲುನೋವು ಎಂದು ಹೇಳಿ ಬೇಗ ಎದ್ದಳು. "ಹೋಗಿ ಚಿನ್ನಾ, ಎಲ್ಲಾ ಹಸಿರಾಯ್ತಲ್ಲ, ನಿಮ್ಮಂಥೋರು ಇನ್ನಿಬ್ರು ಇದ್ದಿದ್ರೆ ಸಾಕಿತ್ತು," ಎಂದಳು ಟ್ಯಾಮ್ರಾ. ಕಾರಿನಲ್ಲಿ ಕೂತಾಗ ಕೆಳಬೀದಿಗೆ ಯಾಕೆ ಹೋಗುತ್ತಿದ್ದೇನೆ ಎಂದು ಕೇಳಿಕೊಂಡಳು. ಜೋಪಾನ ಎಂದು ಹೇಳುವುದಕ್ಕೆ. ಆಡಿಟ್ ಮುಗಿಯುವ ತನಕ ಮುದುಕಿಯನ್ನು ಕರೆತರಬೇಡ ಎನ್ನುವುದಕ್ಕೆ. ಅದು ಸುಳ್ಳೇನಲ್ಲ. ಆದರೆ ಒಳಗೊಳಗೆ ಇನ್ನೊಂದಿತ್ತು, ಅದೂ ಗೊತ್ತಿತ್ತು ಅವಳಿಗೆ: ನಿಮಗೋಸ್ಕರ ನಾನು ಒತ್ತಿದೆ ಎಂದು ಹೇಳಬೇಕು, ಅವರಿಬ್ಬರೂ ಅಯ್ಯೋ ಎಂದು ಅವಳ ಕೈ ಹಿಡಿದುಕೊಳ್ಳಬೇಕು, ಒಂದು ತುಂಡು ಜೋಳದ ಬ್ರೆಡ್ಡು ಕೊಡಬೇಕು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಗಣಿಯ ಹಳೇ ಸೇತುವೆ ದಾಟುವಾಗ ಕಣ್ಣಲ್ಲಿ ನೀರು ಬಂತು. ಯಾರಾದರೂ ನನ್ನನ್ನು ಮೆಚ್ಚಿ ಎಷ್ಟು ಕಾಲವಾಯಿತು ಎಂದು ನಾಚಿಕೆಯಿಲ್ಲದೆ ಅಂದುಕೊಂಡಳು.

ಬಾಗಿಲು ತೆರೆದವಳು ಡ್ರೀಮಾ. ಸಣಕಲು ಹೆಂಗಸು, ಕೆನ್ನೆಯ ಮೇಲೆ ಹಿಟ್ಟು. ಅವಳ ಹಿಂದೆ ಅಡುಗೆಮನೆಯ ಕುರ್ಚಿಯಲ್ಲಿ ಐಸಿ ಹಳೇ ನಿಲುವಂಗಿ ಸುತ್ತಿಕೊಂಡು ಕಾಲು ಬಿಟ್ಟುಕೊಂಡು ಕೂತಿದ್ದಳು. ಒಳಗೆಲ್ಲೋ ತೊಟ್ಟಿಗೆ ನೀರು ಬೀಳುವ ಸದ್ದು. ಮನೆಯೆಲ್ಲ ಬೆಚ್ಚಗೆ ಆವಿಯ, ಬೆಣ್ಣೆಯ ವಾಸನೆ.

"ನೋಡೇ, ಕಡ್ಡಿ ಬಂತು!" ಎಂದಳು ಐಸಿ. "ಕಡ್ಡಿ ಎಲ್ಲಿ ಬಂತು, ಇದು ತೊಲೆ ಆಗಿದೆ. ಕೂತ್ಕೋ ಮಗಾ."

ಡ್ರೀಮಾ ಕೂರು ಎನ್ನಲಿಲ್ಲ. "ನೀವು ಏಜೆನ್ಸಿಯೋರಲ್ವಾ?"

"ಹೆದರ್ಬೇಡ. ಹೆದರೋಂಥದ್ದೇನಿಲ್ಲ," ಎಂದಳು ಲೊರೀನ್. "ಸೋಮವಾರ ಆಡಿಟ್ ಇದೆ. ನಿನ್ನ ಗುರುವಾರಗಳೆಲ್ಲ ಕೆಂಪಾಗಿದ್ವು. ನಾನು ಎಲ್ಲಾ ಸರಿ ಮಾಡಿದೀನಿ. ಸಿಗ್ನಲ್ ಇರಲಿಲ್ಲ ಅಂತ ಹಾಕಿದೀನಿ."

"ಇಲ್ಲಿ ಕರ್ಕೊಂಡು ಬರ್ತೀನಿ ಅಂತ ಗೊತ್ತಿದ್ದೂ ಹಾಕಿದ್ರಾ?"

"ಇವತ್ತು ಗೊತ್ತಾಯ್ತು. ಅತ್ತೆ ಹೇಳಿದ್ರು. ಗೊತ್ತಿದ್ದೂ ಹಾಕ್ದೆ."

ಡ್ರೀಮಾ ಒಳಗೆ ಹೋದಳು. ನೀರಿನ ಸದ್ದು ನಿಂತಿತು. ತಿರುಗಿ ಬಂದಾಗ ಅವಳ ಮುಖ ಬೇರೆಯಾಗಿತ್ತು.

"ಯಾಕ್ರೀ ಫೋನ್ ಮಾಡಿದ್ರಿ?" ಎಂದಳು. ಬೈಯುವ ದನಿಯಲ್ಲ, ನಿಜವಾಗಿ ಕೇಳುವ ದನಿ. "ಚಳಿಗಾಲದಿಂದ ನೀವು ನೋಡ್ತಾ ಇದ್ರಿ, ನಾನು ಮಾಡ್ತಾ ಇದ್ದೆ. ನಿಮ್ಮ ಪಾಡಿಗೆ ನೀವು, ನನ್ನ ಪಾಡಿಗೆ ನಾನು. ಚೆನ್ನಾಗಿ ನಡೀತಿತ್ತಲ್ಲ."

"ಮನೇಲಿ ಫೋನು ಎತ್ತಲಿಲ್ಲ. ಬಿದ್ದಿದಾರೇನೋ ಅಂತ—"

"ಸೋಮವಾರ ಅವರು ನಿಮ್ಮನ್ನ ಕೂರಿಸ್ಕೊಂಡು, ಈ ಡ್ರೀಮಾ ಅನ್ನೋಳು ಎಲ್ಲಿದ್ಳು ಹೇಳಮ್ಮಾ ಅಂತ ಕೇಳಿದ್ರೆ ಏನಂತೀರಿ?"

"ಗೊತ್ತಿಲ್ಲ ಅಂತೀನಿ." ಆದರೆ ಈ ಎರಡು ಮಾತು ಬರುವ ಮುಂಚೆ ಒಂದು ಗಳಿಗೆ ಲೊರೀನ್‌ಳ ಬಾಯಿ ಸುಮ್ಮನೆ ತೆರೆದುಕೊಂಡಿತ್ತು. ಡ್ರೀಮಾ ಅದನ್ನು ನೋಡಿದಳು.

"ಈಗ್ಲೇ ಹಿಂಗಿದೆ ನಿಮ್ಮ ಮುಖ. ಅವರ ಮುಂದೆ ಹೆಂಗಿರುತ್ತೋ." ಡ್ರೀಮಾ ಕೈಯ ಹಿಟ್ಟನ್ನು ಬಟ್ಟೆಗೆ ಒರೆಸಿಕೊಂಡಳು, ಒರೆಸಿದ್ದನ್ನೇ ಒರೆಸಿದಳು. "ನನ್ನ ಮೇಲೆ ಹಳೇ ಕೇಸೊಂದಿದೆ ರೀ. ನಶೆಗೆ ಮಾತ್ರೆ ತಿನ್ತಿದ್ದ ಕಾಲದ್ದು. ಅದನ್ನ ಬಿಟ್ಟು, ಒದ್ದಾಡಿ, ಗೋಗರೆದು ಈ ಕೆಲ್ಸ ಹಿಡಿದಿದೀನಿ. ಇನ್ನೊಂದು ಕೇಸು ಬಿದ್ರೆ ಜೈಲೇ ಗತಿ. ನೀವು ಒಳ್ಳೇದಕ್ಕೇ ಬಂದಿರ್ಬೋದು. ನನಗೆ ಬೇಡ. ನಾಳೆಯಿಂದ ಬೆನ್ನುನೋವು ಅಂತ ಟ್ಯಾಮ್ರಾಗೆ ಹೇಳ್ತೀನಿ. ಐಸತ್ತೆ ಹತ್ರ ನನ್ನನ್ನ ಹಾಕ್ಬೇಡಿ."

"ಬೇರೆ ಯಾರೂ ಹೋಗಲ್ಲ ಡ್ರೀಮಾ. ನಿನಗೇ ಗೊತ್ತು. ಯಾರೂ ಹೋಗದಿದ್ರೆ ಅತ್ತೇನ ಆಶ್ರಮಕ್ಕೆ—"

"ಅದನ್ನ ಫೋನ್ ಎತ್ತೋಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು!" ಎಂದು ಕೂಗಿದವಳು ತಕ್ಷಣ ಮುದುಕಿಯ ಕಡೆ ತಿರುಗಿ, ಮಂಡಿಯೂರಿ ಕೂತು, ಅವಳ ಕಾಲಿಗೆ ಕಾಲುಚೀಲ ಹಾಕತೊಡಗಿದಳು. ಐಸಿ ಇಬ್ಬರನ್ನೂ ನೋಡುತ್ತಿದ್ದಳು. ಅವಳ ಎಡಗೈ ಡ್ರೀಮಾಳ ತಲೆಯ ಮೇಲಿತ್ತು.

"ನಾನು ಹೇಳ್ಬಾರ್ದಿತ್ತಾ ಮಗಾ?" ಎಂದಳು ಐಸಿ.

"ನಿಮ್ದೇನೂ ತಪ್ಪಿಲ್ಲ ಅತ್ತೆ," ಎಂದಳು ಡ್ರೀಮಾ.

"ಅಲ್ವೇ, ನೀರು ತುಂಬಿಸಿದ್ದೀಯಲ್ಲ. ಇದೊಂದ್ಸಲ ಆದ್ರೂ..."

"ಬೇಡ ಅತ್ತೆ. ಇವರು ನೋಡಿ ಆಗಿದೆ. ಇನ್ನು ಈ ಮನೇಲಿ ಬೇಡ."

ಡ್ರೀಮಾ ಎದ್ದು ಹೋಗಿ ತೊಟ್ಟಿಯ ಬಿರಡೆ ಕಿತ್ತಳು. ಅಷ್ಟು ಬಿಸಿನೀರೂ ಗೊಳಗೊಳ ಎಂದು ಹರಿದುಹೋಯಿತು.

ಐಸತ್ತೆಯನ್ನು ವಾಪಸು ಬಿಡುವ ಕೆಲಸ ಲೊರೀನ್‌ಗೆ ಬಂತು. ತಾನೇ ಬಿಡುತ್ತೇನೆ ಎಂದದ್ದು ಅವಳೇ. ಡ್ರೀಮಾ ಬೇಡ ಎನ್ನಲಿಲ್ಲ. ಬೀನ್ಸನ್ನೂ ಬ್ರೆಡ್ಡನ್ನೂ ಡಬ್ಬಿಗೆ ಹಾಕಿ ಮುದುಕಿಯ ತೊಡೆಯ ಮೇಲಿಟ್ಟು, ಸೀಟಿನ ಪಟ್ಟಿ ಬಿಗಿದು, ಕೂದಲನ್ನು ಕಿವಿಯ ಹಿಂದೆ ಸರಿಸಿ, ಲೊರೀನ್‌ಳತ್ತ ನೋಡದೆ ಒಳಗೆ ಹೋಗಿಬಿಟ್ಟಳು. ದಾರಿಯುದ್ದಕ್ಕೂ ಐಸಿ ಯಾರ ಯಾರ ಮನೆ ಖಾಲಿಯಾಗಿದೆ, ಯಾರು ಸತ್ತರು, ಯಾರ ಮಗ ಯಾವ ಹೆಂಗಸಿನ ಜೊತೆ ಇದ್ದಾನೆ ಎಂದು ಹೇಳುತ್ತಿದ್ದಳು. ಲೊರೀನ್‌ಗೆ ಒಂದೂ ತಲೆಗೆ ಹೋಗುತ್ತಿರಲಿಲ್ಲ. ನಾನು ಫೋನು ಮಾಡದೆ ಇದ್ದಿದ್ದರೆ, ಎಂದು ಲೆಕ್ಕ ಹಾಕುತ್ತಿದ್ದಳು. ಫೋನು ಮಾಡಿದ್ದು ಕಾಳಜಿಯಿಂದ. ಕಾಳಜಿಯಿಲ್ಲದೆ ತಾನು ಒತ್ತುತ್ತಿದ್ದ ಅಷ್ಟೂ ದಿನ ಈ ಮುದುಕಿ ಬೆಚ್ಚಗೆ ಸ್ನಾನ ಮಾಡಿ ಹೊಟ್ಟೆ ತುಂಬ ತಿಂದು ಮಲಗಿದ್ದಳು; ಕಾಳಜಿ ಮಾಡಿದ ಒಂದೇ ದಿನ ಎಲ್ಲ ಕೆಟ್ಟಿತು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಕಲ್ಲುಗಳ ಮೇಲೆ ಕಾರು ಕುಲುಕಿಸಿಕೊಂಡು ಹತ್ತಿದಳು. ಕಾರಿನ ಹೊಟ್ಟೆ ಎರಡು ಕಡೆ ಉಜ್ಜಿತು.

ಟ್ರೇಲರಿನೊಳಗೆ ಹೊರಗಡೆಗಿಂತ ತಣ್ಣಗಿತ್ತು. ಮುದುಕಿಯನ್ನು ಮಂಚದ ಮೇಲೆ ಕೂರಿಸಿ, ಲೊರೀನ್ ಈ ಸಲ ಕೋಟು ಬಿಚ್ಚಿದಳು. ದೊಡ್ಡ ಪಾತ್ರೆ ಹುಡುಕಿ ನೀರು ತುಂಬಿ ಒಲೆಯ ಮೇಲಿಟ್ಟಳು. ಇನ್ನೊಂದರಲ್ಲೂ ಇಟ್ಟಳು. ನೀರು ಕಾಯುವ ತನಕ ಬೇಸಿನ್ನು ತೊಳೆದಳು, ಟವೆಲು ಹುಡುಕಿದಳು, ಕಿಟಕಿಯ ಸಂದಿಗೆ ಬಟ್ಟೆ ತುರುಕಿದಳು. ಇಷ್ಟು ಕೆಲಸವನ್ನು ಕೈ ತಾನಾಗಿಯೇ ಮಾಡಿಕೊಂಡು ಹೋದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಆವಿ ಏಳುವಾಗ ಬೇಸಿನ್ನು ಹಿಡಿದು ಮಂಚದ ಹತ್ತಿರ ಬಂದು, "ಬನ್ನಿ ಅತ್ತೆ, ಬೇಗ ಮುಗಿಸೋಣ, ಚಳಿಯಾಗದ ಹಾಗೆ," ಎಂದು ನಿಲುವಂಗಿಯ ಗುಂಡಿಗೆ ಕೈಹಾಕಿದಳು.

ಐಸಿಯ ಎಡಗೈ ಮೇಲೆದ್ದು ಅವಳ ಮಣಿಕಟ್ಟು ಹಿಡಿಯಿತು. ಹಿಡಿತ ಗಟ್ಟಿಯಿತ್ತು.

"ಬೇಡ ಮಗಾ."

"ನಾನು ನಿಧಾನಕ್ಕೆ ಮಾಡ್ತೀನಿ ಅತ್ತೆ."

"ನಿಧಾನದ ಮಾತಲ್ಲ. ನಿನ್ನ ಮುಂದೆ ಬಟ್ಟೆ ಬಿಚ್ಚೋಕೆ ನನಗಾಗಲ್ಲ. ನಿನಗೆ ಊಟ ಬಡಿಸಿದೋಳು ನಾನು." ಸ್ವಲ್ಪ ತಡೆದು, "ಡ್ರೀಮಾ ಮುಂದೂ ಮೊದ್ಲು ಆಗ್ತಿರ್ಲಿಲ್ಲ. ಆರು ತಿಂಗ್ಳು ಹಿಡೀತು. ಅಳ್ತಿದ್ದೆ. ಅವಳು ಕಣ್ಣು ಮುಚ್ಕೊಂಡು ತೊಳೀತಿದ್ಳು ಗೊತ್ತಾ, ನಾನು ನಾಚ್ಕೋತೀನಿ ಅಂತ. ಇನ್ನೊಬ್ರನ್ನ ಮತ್ತೆ ಮೊದ್ಲಿಂದ ಅಭ್ಯಾಸ ಮಾಡ್ಕೊಳ್ಳೋಕೆ ಈ ವಯಸ್ಸಲ್ಲಿ ನನಗೆ ಶಕ್ತಿ ಇಲ್ಲ ಕಣೇ," ಎಂದಳು.

ಲೊರೀನ್ ಬೇಸಿನ್ನು ಕೆಳಗಿಟ್ಟು, ಟವೆಲಿನ ತುದಿ ಅದ್ದಿ ಹಿಂಡಿ, ಕೇಳದೆ, ಮುದುಕಿಯ ಮುಖವನ್ನಷ್ಟೇ ಒರೆಸಿದಳು. ಐಸಿ ಅಷ್ಟಕ್ಕೆ ಬೇಡ ಎನ್ನಲಿಲ್ಲ. ಆಮೇಲೆ ಡಬ್ಬಿ ತೆರೆದು ಬೀನ್ಸನ್ನು ಚಮಚದಲ್ಲಿ ತಿನ್ನಿಸಿದಳು. ಐಸಿ ಬ್ರೆಡ್ಡಿನ ಒಂದು ತುಂಡನ್ನು ಅವಳತ್ತ ತಳ್ಳಿ, "ತಿನ್ನು, ಬೆಳಗ್ಗಿಂದ ತಿಂದಿಲ್ಲ ನೀನು, ಮುಖ ನೋಡಿದ್ರೆ ಗೊತ್ತಾಗುತ್ತೆ," ಎಂದಳು. ಲೊರೀನ್ ತಿಂದಳು.

"ಬೆಳಕಿರೋವಾಗ್ಲೇ ಇಳಿ. ಆ ತಿರುವು ಸರಿಯಿಲ್ಲ," ಎಂದಳು ಐಸಿ. ಲೊರೀನ್ ಕೋಟು ಹಾಕಿಕೊಂಡು ಬಾಗಿಲಿಗೆ ಬಂದಾಗ ಹಿಂದಿನಿಂದ ಕೇಳಿದಳು: "ನಾಳೆ ಬೆಳಗ್ಗೆ ಯಾರು ಬರ್ತಾರೆ?"

"ಕಳಿಸ್ತೀವಿ ಅತ್ತೆ. ಒಳ್ಳೇ ಹುಡುಗಿ ಒಬ್ಳಿದಾಳೆ. ಟ್ಯಾಮ್ರಾಗೆ ಹೇಳಿ ನಾನೇ ಕಳಿಸ್ತೀನಿ," ಎಂದಳು ಲೊರೀನ್. ಬಾಗಿಲಿನ ಹಿಡಿಯನ್ನು ನೋಡುತ್ತಾ ಹೇಳಿದಳು.

ಮುದುಕಿ ಮಂಚದ ಮೇಲೆ ಕೂತಲ್ಲಿಂದ ಅವಳನ್ನು ಮರುಕದಿಂದ ನೋಡಿದಳು.

"ಸುಳ್ಳು ಹೇಳೋಕೇ ಬರಲ್ಲವಲ್ಲೇ ನಿನಗೆ," ಎಂದಳು. "ಪಾಪ, ಆ ಆಫೀಸಲ್ಲಿ ಅದ್ಹೆಂಗೆ ಕೆಲ್ಸ ಮಾಡ್ತೀಯೋ."